ಹಬ್ಬದ ಕಮಾನು, ಗಲ್ಲಿಯ ಜಗಳ

ಭಾದ್ರಪದ ಹತ್ತಿರ ಬಂತೆಂದರೆ ನಮ್ಮ ಆರಗದ ಗಲ್ಲಿಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಈ ಸಲ ವರ್ಗಣಿ ಎಷ್ಟ್ರಿ?" ಇನ್ನೊಂದು, "ಹ್ವಾದ ವರ್ಷದಂಗ ಆ ಫೋಕಸ್ ನಮ್ಮ ಮನಿ ಕಡೆ ತಿರುಗಸಬ್ಯಾಡ್ರಪಾ." ಮೊದಲನೆಯದಕ್ಕೆ ಕೂಡಲೇ ಪಾವತಿ ಹರಿದು ಕೊಡುತ್ತಾರೆ. ಎರಡನೆಯದಕ್ಕೆ "ಹತ್ತ ದಿನದ್ದ ಮಾತು, ಸೋಸಕೋರಿ" ಎಂಬುದೇ ಉತ್ತರ. ಮನೆಯಲ್ಲಿ ಬಾಣಂತಿ ಇದ್ದವರು, ಹಾಸಿಗೆ ಹಿಡಿದ ಮುದುಕರಿದ್ದವರು ಕಿಟಕಿಗೆ ಚಾದರ ಕಟ್ಟಿಕೊಂಡು ಸುಮ್ಮನಾಗುತ್ತಾರೆ. ಸುಮ್ಮನಾದರೂ ಒಳಗಿನ ಸಿಟ್ಟು ಹೋಗಿರುವುದಿಲ್ಲ. ಈ ಜಗಳ ಇಂದು ನಿನ್ನೆಯದಲ್ಲ. ಅದರ ಬೇರು ಎಲ್ಲಿದೆ ಎಂದು ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಗಣಪತಿ ಮನೆಯ ದೇವರು. ಜಗುಲಿಯ ಮೇಲೆ ಕೂರುತ್ತಿದ್ದ, ಎಣ್ಣೆ ದೀಪದ ಬೆಳಕೇ ಅವನಿಗೆ ಸಾಕಾಗಿತ್ತು. ಪುಣೆಯಲ್ಲಿ 1892-93ರ ಸುಮಾರಿಗೆ ಭಾವುಸಾಹೇಬ ರಂಗಾರಿ, ಲೋಕಮಾನ್ಯ ಟಿಳಕ ಮೊದಲಾದವರ ಪ್ರಯತ್ನದಿಂದ ಅವನು ಬೀದಿಗೆ ಬಂದ. 1905ರಲ್ಲಿ ಟಿಳಕರ ಪ್ರೇರಣೆಯಿಂದ ಬೆಳಗಾವಿಯ ಝೇಂಡಾ ಚೌಕದಲ್ಲಿಯೂ ಸಾರ್ವಜನಿಕ ಗಣಪತಿ ಕೂತ. ಇಂಗ್ರಜರ ರಾಜ್ಯದಲ್ಲಿ ಸಭೆ ಕೂಡಿಸುವುದು ಕಷ್ಟ, ಹಬ್ಬಕ್ಕೆ ಜನ ಕೂಡಿದರೆ ತಡೆಯುವುದು ಇನ್ನೂ ಕಷ್ಟ. ಮೇಳದ ಹಾಡು, ಭಾಷಣ, ಮೆರವಣಿಗೆ ಎಲ್ಲವೂ ಆ ಮಂಡಪದ ಕೆಳಗೆ ನಡೆದವು. ಇದು ನಾವು ಶಾಲೆಯಲ್ಲಿ ಕಲಿತ ಇತಿಹಾಸ.

ಶಾಲೆಯಲ್ಲಿ ಅಷ್ಟಾಗಿ ಹೇಳದ ಇನ್ನೊಂದು ಭಾಗವೂ ಇದೆ. ಅದಕ್ಕೂ ಮೊದಲು ಪುಣೆಯ ಹಿಂದೂಗಳು ಮೊಹರಮ್ಮಿನ ತಾಬೂತುಗಳ ಮುಂದೆ ದೊಡ್ಡ ಸಂಖ್ಯೆಯಲ್ಲಿ ಕುಣಿಯುತ್ತಿದ್ದರು. 1893ರಲ್ಲಿ ಮುಂಬಯಿಯಲ್ಲಿ ದಂಗೆ ಆಯಿತು. ಮರುವರ್ಷ ಬಹಳ ಜನ ತಾಬೂತಿಗೆ ಹೋಗಲಿಲ್ಲ. ಅದೇ 1894ರಲ್ಲಿ ಗಣಪತಿ ಹಬ್ಬದ ಹೊತ್ತಿಗೆ ಪುಣೆಯಲ್ಲಿ ಮಶೀದಿಯ ಮುಂದೆ ವಾದ್ಯ ಬಾರಿಸುವ ವಿಷಯಕ್ಕೆ ಹೊಡೆದಾಟವೂ ಆಯಿತು. ಅಂದರೆ ಹಬ್ಬ ಬೀದಿಗೆ ಬಂದ ಕಾಲದಿಂದಲೂ "ಈ ಬೀದಿ ಯಾರದು?" ಎಂಬ ಪ್ರಶ್ನೆ ಅದರ ಸಂಗಡವೇ ಬಂದಿದೆ.

ಬೆಳಕಿನ ಕಥೆಯೂ ಹೀಗೆಯೇ. ಮೊದಲು ಪಂಜು, ದೀವಟಿಗೆ. ಆಮೇಲೆ ತಲೆಯ ಮೇಲೆ ಹೊತ್ತ ಗ್ಯಾಸ್ ಬತ್ತಿ. ಕರೆಂಟ್ ಬಂದ ಮೇಲೆ ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟು, ಹ್ಯಾಲೋಜನ್. ಈಗ ಎಲ್‌ಇಡಿ, ಲೇಸರ್. ಗ್ಯಾಸ್ ಬತ್ತಿಯ ಬೆಳಕು ನಾಲ್ಕು ಮನೆ ದಾಟುತ್ತಿರಲಿಲ್ಲ, ಪಂಪ್ ಹೊಡೆಯದಿದ್ದರೆ ತಾನೇ ಆರುತ್ತಿತ್ತು. ಈಗಿನ ದೀಪಕ್ಕೆ ದಣಿವೆಂಬುದಿಲ್ಲ. 2023ರ ಹಬ್ಬದಲ್ಲಿ ಲೇಸರ್ ಬೆಳಕು ಬಿದ್ದು ಕೆಲವು ತರುಣರ ಕಣ್ಣಿನ ಒಳಪದರಕ್ಕೆ ಪೆಟ್ಟಾಯಿತೆಂದು ನಾಸಿಕದ ಕಣ್ಣಿನ ಡಾಕ್ಟರರೇ ಹೇಳಿದರು.

ಇನ್ನು ನಮ್ಮ ತಾಲೂಕಿನ ಊರಾದ ಮಿರಜದ ಮಾತು. ಸಂತೆಗೂ ದವಾಖಾನೆಗೂ ನಾವು ಹೋಗುವುದು ಅಲ್ಲಿಗೇ. ಸಿತಾರ, ತಂಬೂರಿ ಮಾಡುವ ಊರದು. ಖಾನ್‌ಸಾಹೇಬ ಅಬ್ದುಲ್ ಕರೀಂ ಖಾನರು ಅಲ್ಲಿ ನೆಲೆಸಿದ್ದರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇರುವುದೂ ಅಲ್ಲೇ. ಮೀರಾಸಾಹೇಬರ ದರ್ಗಾದ ಉರುಸಿನಲ್ಲಿ ಅವರ ನೆನಪಿಗೆ ಇಂದಿಗೂ ಸಂಗೀತ ಸೇವೆ ನಡೆಯುತ್ತದೆ, ಎಲ್ಲ ಜಾತಿಯವರೂ ಕೂತು ಕೇಳುತ್ತಾರೆ. ಅದೇ ಮಿರಜದ ಗಣಪತಿ ವಿಸರ್ಜನೆಗೆ ದಾರಿಯುದ್ದಕ್ಕೂ ನಿಲ್ಲುವ ದೊಡ್ಡ ದೊಡ್ಡ ಕಮಾನುಗಳ ಹೆಸರು. ಬಣ್ಣದ ಚಿತ್ರ, ಝಗಝಗ ದೀಪ ನೋಡಲು ಹಳ್ಳಿಗಳಿಂದ ಜನ ಹೋಗುತ್ತಾರೆ.

2009ರಲ್ಲಿ ಗಣೇಶೋತ್ಸವವೂ ರಮಜಾನಿನ ಉಪವಾಸವೂ ಕೂಡಿ ಬಂದಿದ್ದವು. ಅನಂತ ಚತುರ್ದಶಿಯ ಹೊತ್ತಿಗೆ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಶಿವಾಜಿ ಮಹಾರಾಜರು ಅಫ್ಜಲಖಾನನನ್ನು ಕೊಂದ ಚಿತ್ರವಿದ್ದ ಒಂದು ಕಮಾನಿನ ಮೇಲೆ ತಕರಾರು ಎದ್ದಿತು. ಮಾತು ಬೆಳೆದು ಕಲ್ಲು ತೂರಾಟವಾಯಿತು, ಕರ್ಫ್ಯೂ ಬಿದ್ದಿತು. ಗಣಪತಿಗಳು ಹೊತ್ತಿಗೆ ಸರಿಯಾಗಿ ನೀರಿಗೆ ಹೋಗದೆ ಕೂತವು. ಬೆಂಕಿ ಸಾಂಗಲಿ, ಇಚಲಕರಂಜಿ, ಕೊಲ್ಹಾಪುರದ ಕಡೆಗೂ ಹಬ್ಬಿತು. ಹಬ್ಬಕ್ಕೆಂದು ಸರಕು ತಂದಿಟ್ಟವರ ಅಂಗಡಿ ಮುಚ್ಚಿದವು, ದಿನಗೂಲಿಯವರ ಒಲೆ ತಣ್ಣಗಾಯಿತು. ದವಾಖಾನೆಗೆ ಹೋಗಬೇಕಾದವರ ಪಾಡು ಹೇಳುವುದೇ ಬೇಡ.

ಪ್ರತಾಪಗಡದ ಆ ಘಟನೆ ನಡೆದದ್ದು 1659ರ ನವೆಂಬರಿನಲ್ಲಿ. ಅದಾದ ಮೇಲೆ ಮಹಾರಾಜರು ಆದಿಲಶಾಹಿಯ ಮಿರಜ ಕೋಟೆಗೂ ಮುತ್ತಿಗೆ ಹಾಕಿದ್ದರು. ಇದು ಇತಿಹಾಸ, ಯಾರೂ ಅಲ್ಲಗಳೆಯುವಂತಿಲ್ಲ. ಖಾನನ ಗೋರಿ ಪ್ರತಾಪಗಡದ ಬುಡದಲ್ಲೇ ಇದೆ ಎಂಬುದೂ ಇತಿಹಾಸವೇ. ಪುಸ್ತಕದಲ್ಲಿ ಎರಡೂ ಸಂಗತಿ ಓದಿದವನಿಗೆ ವಿಚಾರ ಮಾಡಲು ಸಮಯವಿರುತ್ತದೆ. ಕಮಾನಿನ ಮೇಲೆ ದೀಪ ಹಚ್ಚಿ ನಿಲ್ಲಿಸಿದ ಚಿತ್ರಕ್ಕೆ ಅರ್ಧ ಸಂಗತಿಯನ್ನಷ್ಟೇ ಹೇಳಲು ಜಾಗವಿರುತ್ತದೆ. ಮೇಲಾಗಿ ಪುಸ್ತಕ ಬೇಡವಾದರೆ ಮುಚ್ಚಿಡಬಹುದು. ರಸ್ತೆಗೆ ಅಡ್ಡ ನಿಂತ ಕಮಾನಿನ ಕೆಳಗೆ ಮಾತ್ರ ಎಲ್ಲರೂ ದಾಟಲೇಬೇಕು.

ಕಾಯ್ದೆ ಏನೆನ್ನುತ್ತದೆ? 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಭಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ದವಾಖಾನೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ಶಾಂತತಾ ಕ್ಷೇತ್ರ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಂದ್. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ಸರಕಾರ ಸಡಿಲಿಕೆ ಕೊಡಬಹುದು. 2016ರ ಆಗಸ್ಟಿನಲ್ಲಿ ಮುಂಬಯಿ ಹೈಕೋರ್ಟು ಧ್ವನಿವರ್ಧಕ ಯಾವ ಧರ್ಮಕ್ಕೂ ಅತ್ಯಗತ್ಯ ಭಾಗವಲ್ಲ ಎಂದಿತು. ಅಡಚಣೆಯಿಲ್ಲದ ರಸ್ತೆ ನಾಗರಿಕರ ಹಕ್ಕು, ಅದನ್ನು ಅಡ್ಡಗಟ್ಟಿ ಮಂಡಪ ಹಾಕುವ ಹಕ್ಕು ಯಾರಿಗೂ ಇಲ್ಲ ಎಂದೂ ಹೇಳಿತು. ಕಾಯ್ದೆ ಹೀಗೆ ಸ್ಪಷ್ಟವಾಗಿದೆ. ಆದರೆ ನೆರೆಮನೆಯ ಹುಡುಗನ ಮೇಲೆ ಪೋಲೀಸ ಠಾಣೆಗೆ ಅರ್ಜಿ ಕೊಟ್ಟು, ಮರುದಿನ ಅವನ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಹೋಗುವುದು ಹೇಗೆ? ಹಳ್ಳಿಯಲ್ಲಿ ಕಾಯ್ದೆ ಸೋಲುವುದು ಇಲ್ಲಿಯೇ.

ಹಾಗಾದರೆ ಬೇರೆ ದಾರಿ ಇಲ್ಲವೇ? ನಮ್ಮ ಸುತ್ತಲೇ ಇದೆ. ನಮ್ಮ ಜಿಲ್ಲೆಯ ವಾಳವಾ ತಾಲೂಕಿನ ಗೋಟಖಿಂಡಿಯಲ್ಲಿ ಗಣಪತಿ ಮಶೀದಿಯೊಳಗೆ ಕೂರುತ್ತಾನೆ. ಹಿಂದೆ ಒಮ್ಮೆ ಜೋರು ಮಳೆ ಹಿಡಿದಾಗ ಮೂರ್ತಿ ನೆನೆಯಬಾರದೆಂದು ಎರಡೂ ಸಮಾಜದವರು ಕೂತು ಮಾತಾಡಿ ಅದನ್ನು ಮಶೀದಿಯೊಳಗೆ ಒಯ್ದರು. 1980ರಿಂದ ಅದೇ ವಹಿವಾಟು ನಡೆದುಬಂದಿದೆ. ಬಕ್ರೀದ ಕೂಡಿ ಬಂದ ವರ್ಷ ಅಲ್ಲಿನ ಮುಸಲ್ಮಾನರು ನಮಾಜು ಮಾಡಿ, ಕುರಬಾನಿ ಬಿಟ್ಟಿದ್ದುಂಟು. ಶಿರೋಳ ತಾಲೂಕಿನ ಕುರುಂದವಾಡದಲ್ಲಿಯೂ ಮಶೀದಿಗಳಲ್ಲಿ ಗಣಪತಿ ಕೂರಿಸುವ ಪದ್ಧತಿ ಇದೆ. ಎರಡು ಹಬ್ಬ ಕೂಡಿದ ವರ್ಷ ಪಂಜಾ ಮತ್ತು ಗಣಪತಿ ಒಂದೇ ಸೂರಿನ ಕೆಳಗೆ.

ಆ ಊರವರು ನಮಗಿಂತ ಬೇರೆ ಮಣ್ಣಿನವರೇನಲ್ಲ. ಅವರು ಮಾಡಿದ್ದು ಇಷ್ಟೇ: ಜಗಳ ಆದ ಮೇಲೆ ಶಾಂತತಾ ಸಭೆಗೆ ಕೂರುವ ಬದಲು, ಆಗುವ ಮೊದಲೇ ಕೂತರು. ನಾವು ಮಂಡಪದ ಕಂಬ ಹುಗಿಯುವ ಮೊದಲು ಯಾರನ್ನು ಕೇಳುತ್ತೇವೆ? ವರ್ಗಣಿಗೆ ಮಾತ್ರ ಮನೆಮನೆಗೆ ಹೋಗುತ್ತೇವೆ. ಆ ಹೊತ್ತಿನಲ್ಲೇ ಇನ್ನೆರಡು ಮಾತು ಕೇಳಬಹುದಲ್ಲ: "ಮನ್ಯಾಗ ಆರಾಮಿಲ್ಲದವರು ಯಾರರೆ ಅದಾರೇನ್ರಿ? ದೀಪ ಯಾವ ಕಡೆ ತಿರುಗಿಸೂಣು?" ಇದಕ್ಕೆ ಖರ್ಚಿಲ್ಲ, ಪಾವತಿ ಪುಸ್ತಕದ ಹಿಂದೆಯೇ ಬರೆದುಕೊಳ್ಳಬಹುದು. ಕಮಾನಿಗೆ ಯಾವ ಚಿತ್ರ ಎಂಬುದನ್ನೂ ಊರ ಗುರುಗಳನ್ನು, ಎಲ್ಲ ಗಲ್ಲಿಯ ಹಿರಿಯರನ್ನು ಕೂರಿಸಿಕೊಂಡು ಮೊದಲೇ ಗೊತ್ತುಮಾಡಬಹುದು.

2025ರಲ್ಲಿ ಮಹಾರಾಷ್ಟ್ರ ಸರಕಾರ ಸಾರ್ವಜನಿಕ ಗಣೇಶೋತ್ಸವವನ್ನು ರಾಜ್ಯದ ಹಬ್ಬವೆಂದು ಸಾರಿತು. ನಮಗೆಲ್ಲ ಸಂತೋಷವೇ. ಮುಂದಿನ ಚತುರ್ಥಿಗೆ ವರ್ಗಣಿ ಕೇಳಲು ಬರುವ ಹುಡುಗರು ಈ ಎರಡು ಮಾತನ್ನೂ ಕೇಳಿದರೆ, ಕಿಟಕಿಗೆ ಕಟ್ಟಿದ ಚಾದರ ತೆಗೆದು ಆ ಮನೆಯವರೂ ಆರತಿಗೆ ಬಂದು ನಿಲ್ಲುತ್ತಾರೆ.