ಮದ್ರಾಸಿನ ರಕ್ತ, ಯೇಲಿನ ಪೇಟೆಂಟು, ಸಾಂಗ್ಲಿಯ ಮಾತು: ಏಡ್ಸ್ ಚರಿತ್ರೆಯಲ್ಲಿ ವಿದ್ಯಾರ್ಥಿಗಳು

ನಾನು ಜತ್ತ ತಾಲೂಕಿನವಳು, ಕನ್ನಡ ಎಂ.ಎ. ಓದ್ತಿದ್ದೀನಿ. ಸಾಹಿತ್ಯದವಳಿಗೆ ಈ ವಿಷಯ ಯಾಕೆ ಅಂತ ಕೆಲವರು ಕೇಳಿದ್ರು. ಅದಕ್ಕೆ ಉತ್ತರ ಮುಂದೆ ಬರುತ್ತೆ.

ವಿಶ್ವವಿದ್ಯಾಲಯದಲ್ಲಿ ಏಡ್ಸ್ ಜಾಗೃತಿ ಅಂದ ಕೂಡಲೇ ನೆನಪಾಗೋದು ಡಿಸೆಂಬರ್ 1ರ ಜಾಥಾ, ಕೆಂಪು ರಿಬ್ಬನ್, ಭಿತ್ತಿಚಿತ್ರ ಸ್ಪರ್ಧೆ. 1991ರಲ್ಲಿ ಎನ್‌ಎಸ್‌ಎಸ್ ಮೂಲಕ ‘ಯೂನಿವರ್ಸಿಟೀಸ್ ಟಾಕ್ ಏಡ್ಸ್’ ಎಂಬ ಕಾರ್ಯಕ್ರಮ ಶುರುವಾಯಿತು. ಮುಂದೆ ರೆಡ್ ರಿಬ್ಬನ್ ಕ್ಲಬ್ಬುಗಳು ಬಂದವು. ಇವುಗಳಲ್ಲಿ ವಿದ್ಯಾರ್ಥಿ ಅಂದರೆ ತಿಳಿವಳಿಕೆ ಪಡೆದು ಊರಿಗೆ ಹಂಚುವವನು. ಆದರೆ ಈ ರೋಗದ ಚರಿತ್ರೆಯಲ್ಲಿ ವಿದ್ಯಾರ್ಥಿಗಳ ಪಾತ್ರ ಇದಕ್ಕಿಂತ ದೊಡ್ಡದು, ಮತ್ತು ಅಷ್ಟು ಸರಳವೂ ಅಲ್ಲ.

ಭಾರತದಲ್ಲಿ ಎಚ್‌ಐವಿ ಇದೆ ಅಂತ ಮೊದಲು ಗೊತ್ತಾದದ್ದೇ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿಯ ಪ್ರಬಂಧದಿಂದ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಈ ವಿಷಯ ಕೊಟ್ಟವರು ಪ್ರಾಧ್ಯಾಪಕಿ ಸುನೀತಿ ಸೊಲೊಮನ್. ಈ ರೋಗ ನಮ್ಮ ದೇಶಕ್ಕೆ ಬರೋದಿಲ್ಲ, ಅದು ಪಾಶ್ಚಾತ್ಯರ ಸಮಸ್ಯೆ ಅಂತ ನಂಬಿದ್ದ ಕಾಲ ಅದು. ನಿರ್ಮಲಾ ಬಂಧನದಲ್ಲಿದ್ದ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳ ರಕ್ತದ ಮಾದರಿ ಸಂಗ್ರಹಿಸಿ, ಮನೆಯ ಫ್ರಿಜ್‌ನಲ್ಲೇ ಇಟ್ಟಿದ್ದರಂತೆ. 1986ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಪರೀಕ್ಷೆ ಆದಾಗ ಆರು ಮಾದರಿಗಳಲ್ಲಿ ಸೋಂಕು ಕಂಡಿತು. ಅದರ ಮೇಲೆ ರಾಜ್ಯ, ಕೇಂದ್ರ ಎರಡೂ ಎಚ್ಚೆತ್ತವು.

ಇದನ್ನ ಸಾಧನೆಯ ಕಥೆಯಾಗಿ ಹೇಳೋದು ರೂಢಿ, ಸಾಧನೆಯೂ ಹೌದು. ಆದರೆ ಆ ಹೆಣ್ಣುಮಕ್ಕಳಿಗೆ ಯಾವ ರೋಗದ ಪರೀಕ್ಷೆ ಅಂತ ಹೇಳಿರಲಿಲ್ಲ. ಅವರಲ್ಲಿ ಹೆಚ್ಚಿನವರು ಬಡತನದಿಂದ ಆ ವೃತ್ತಿಗೆ ಬಂದವರು, ಮೇಲಾಗಿ ಬಂಧನದಲ್ಲಿದ್ದವರು. ಬೇಡ ಅನ್ನುವ ಅವಕಾಶ ಅವರಿಗೆ ಎಲ್ಲಿತ್ತು? ಪ್ರಬಂಧಕ್ಕೆ ಹೆಸರು ಉಳಿಯಿತು, ರಕ್ತ ಕೊಟ್ಟವರಿಗೆ ಉಳಿಯಲಿಲ್ಲ. ವಿದ್ಯಾರ್ಥಿನಿಯನ್ನು ದೂರಲು ಈ ಮಾತು ಹೇಳ್ತಿಲ್ಲ. ಆಗಿನ ಸಂಶೋಧನೆಯ ರೀತಿಯೇ ಹಾಗಿತ್ತು.

ಎರಡನೆಯ ಪ್ರಸಂಗ ಅಮೆರಿಕದ್ದು. ಸ್ಟಾವುಡಿನ್ ಎಂಬ ಔಷಧ ಎಚ್‌ಐವಿಯನ್ನು ತಡೆಯುತ್ತದೆ ಅಂತ ಕಂಡುಕೊಂಡದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ, ವಿಲಿಯಂ ಪ್ರುಸಾಫ್ ಮತ್ತು ಸಂಗಡಿಗರು. ಆ ಬಳಕೆಯ ಪೇಟೆಂಟ್ ಯೇಲಿನದು, ಮಾರುವ ಹಕ್ಕು ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಕಂಪನಿಯದು. ಔಷಧಗಳ ಮಿಶ್ರಣದ ಚಿಕಿತ್ಸೆಗೆ ಆಗ ಒಬ್ಬರಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಬೇಕಿತ್ತು. ದಕ್ಷಿಣ ಆಫ್ರಿಕಾದಲ್ಲಿ ಸೋಂಕಿತರು 40 ಲಕ್ಷ ಮೀರಿದ್ದರು. 2001ರ ಫೆಬ್ರುವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್, ಅದೇ ಚಿಕಿತ್ಸೆಯನ್ನ ವರ್ಷಕ್ಕೆ 350 ಡಾಲರಿಗೆ ಕೊಡ್ತೀನಿ ಅಂದ್ರು. ‘ಗಡಿಯಿಲ್ಲದ ವೈದ್ಯರು’ ಸಂಸ್ಥೆ ಯೇಲಿಗೆ ಪತ್ರ ಬರೆಯಿತು: ಅಗ್ಗದ ಸ್ಟಾವುಡಿನ್ ತರಿಸಿಕೊಳ್ಳಲು ಅಡ್ಡಿ ಮಾಡಬೇಡಿ. ಹಕ್ಕನ್ನ ಕಂಪನಿಗೆ ಕೊಟ್ಟಾಗಿದೆ, ನಮ್ಮ ಕೈಲಿಲ್ಲ ಅನ್ನೋದು ವಿಶ್ವವಿದ್ಯಾಲಯದ ಮೊದಲ ಉತ್ತರ.

ಆಗ ಎದ್ದು ನಿಂತವರು ವಿದ್ಯಾರ್ಥಿಗಳು. ಕಾನೂನು ಓದುತ್ತಿದ್ದ ಏಮಿ ಕಪ್ಚಿನ್‌ಸ್ಕಿ ಮತ್ತು ಜೊತೆಗಾರರು, ಇದು ನಮ್ಮ ವಿಶ್ವವಿದ್ಯಾಲಯದ ಪೇಟೆಂಟು, ಹೊಣೆಯೂ ನಮ್ಮದೇ ಅಂತ ಸಹಿ ಸಂಗ್ರಹಿಸಿದರು. ಆ ಬಳಕೆ ಕಂಡುಕೊಂಡ ಪ್ರುಸಾಫ್ ಅವರೇ ಇವರ ಪಕ್ಕಕ್ಕೆ ಬಂದರು. ಮಾರ್ಚಿನಲ್ಲಿ ಕಂಪನಿ ದಕ್ಷಿಣ ಆಫ್ರಿಕಾದಲ್ಲಿ ಪೇಟೆಂಟ್ ಚಲಾಯಿಸೋದಿಲ್ಲ ಎಂದು ಘೋಷಿಸಿತು, ಬೆಲೆಯನ್ನೂ ಇಳಿಸಿತು. ಕೇವಲ ಕೆಲವು ವಾರಗಳ ಹೋರಾಟ! ನನಗೆ ಮುಖ್ಯ ಅನ್ನಿಸೋದು ಇವರು ಆಫ್ರಿಕಾದ ಬಡವರ ಮೇಲೆ ಕರುಣೆ ತೋರಿಸಿ ಅಂತ ಜಾಥಾ ಮಾಡಲಿಲ್ಲ. ತಾವು ಕೂತ ಕಟ್ಟಡದ ಲೆಕ್ಕಪತ್ರ ನೋಡಿದರು.

ಅದೇ ಸ್ಟಾವುಡಿನ್ ನಮ್ಮ ಕಡೆಗೂ ಬಂತು. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಉಚಿತ ಚಿಕಿತ್ಸೆ ಶುರು ಮಾಡಿದಾಗ, ಮೊದಲ ಸಾಲಿನ ಗುಳಿಗೆಗಳಲ್ಲಿ ಅದೂ ಇತ್ತು. ಅಡ್ಡಪರಿಣಾಮಗಳ ಕಾರಣ 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನ ಹಂತಹಂತವಾಗಿ ಬಿಡಿ ಅಂದಿತು. ಅಗ್ಗದ ಔಷಧ ಜೀವ ಉಳಿಸಿತು. ನರಗಳಿಗೆ ನೋವೂ ಕೊಟ್ಟಿತು. ಎರಡನ್ನೂ ಬರೀಬೇಕು.

ಈಗ ನಮ್ಮ ಗಡಿಗೆ ಬರ್ತೀನಿ. ನಮ್ಮ ಜಿಲ್ಲಾ ಕೇಂದ್ರ ಸಾಂಗ್ಲಿಯಲ್ಲಿ 1992ರಲ್ಲಿ ಸಂಗ್ರಾಮ್ ಸಂಸ್ಥೆ ಕೆಲಸ ಆರಂಭಿಸಿತು. 1996ರಲ್ಲಿ ಲೈಂಗಿಕ ವೃತ್ತಿಯ ಹೆಂಗಸರೇ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’ ಕಟ್ಟಿಕೊಂಡರು. ಇದರ ಕೆಲಸ ಗಡಿ ದಾಟಿ ನಿಪ್ಪಾಣಿಯವರೆಗೂ ಇದೆ. ಈ ಹೆಂಗಸರಲ್ಲಿ ಕನ್ನಡ ಮಾತಾಡುವವರು, ದೇವದಾಸಿ ಪದ್ಧತಿಯಿಂದ ಬಂದವರು ಬಹಳ. ಕಾಂಡೋಮ್ ಹಂಚಿದ್ದು, ಜೊತೆಯವರಿಗೆ ರೋಗದ ಬಗ್ಗೆ ತಿಳಿಸಿದ್ದು ಅವರೇ. ಮದ್ರಾಸಿನಲ್ಲಿ ಮಾದರಿಯಾಗಿದ್ದವರು ಇಲ್ಲಿ ಮಾಸ್ತರಿಕೆ ಮಾಡಿದರು. ಜತ್ತ, ಅಕ್ಕಲಕೋಟೆಯಂಥ ಊರುಗಳಲ್ಲಿ ಆಡಳಿತದ ಫಲಕ ಮರಾಠಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ. ಇಂಥಲ್ಲಿ ಬಾಯಿಮಾತಿನ ತಿಳಿವಳಿಕೆಗೆ ಎಷ್ಟು ಬೆಲೆ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಸಾಹಿತ್ಯದವಳ ಪ್ರಶ್ನೆ ಇಲ್ಲಿದೆ. ‘ಸೋಂಕು’ ಅನ್ನುವ ನಮ್ಮ ಪದದ ಮೂಲ ಅರ್ಥ ಮುಟ್ಟುವುದು, ತಾಗುವುದು. ಮುಟ್ಟಿದರೆ ಬಾರದ ರೋಗಕ್ಕೆ ನಾವು ಇಟ್ಟ ಹೆಸರು ಮುಟ್ಟುವುದನ್ನೇ ಹೇಳುತ್ತೆ. ಒಂದೇ ಭಿತ್ತಿಪತ್ರದಲ್ಲಿ ಮೇಲೆ ‘ಸೋಂಕು’, ಕೆಳಗೆ ‘ಮುಟ್ಟಿದರೆ ಹರಡುವುದಿಲ್ಲ’! ಅದರ ಜೊತೆ ‘ಮಹಾಮಾರಿ’ ಬೇರೆ. ಮುಟ್ಟು, ಮೈಲಿಗೆ, ಮಾರಿ — ಈ ಸರಣಿಯ ಭಾರ ದಲಿತ ದೇವದಾಸಿ ಹೆಣ್ಣಿನ ಮೇಲೆ ಹೇಗೆ ಬಿದ್ದಿರಬೇಕು ಅಂತ ಯೋಚಿಸಿ ನೋಡಿ. ಸಾಂಗ್ಲಿಯ ಹೆಂಗಸರು ತಮ್ಮ ಕನ್ನಡದಲ್ಲಿ ಈ ರೋಗವನ್ನ ಏನೆಂದು ಕರೆದರು, ಒಬ್ಬರಿಗೊಬ್ಬರು ಹೇಗೆ ವಿವರಿಸಿದರು ಅನ್ನೋದನ್ನ, ಈ ಸಲ ಒಪ್ಪಿಗೆ ಕೇಳಿ, ಅವರ ಬಾಯಿಂದಲೇ ದಾಖಲಿಸೋದು ನನ್ನ ಕಿರುಪ್ರಬಂಧದ ಯೋಜನೆ. ಪ್ರಶ್ನಾವಳಿ ಹೇಗಿರಬೇಕು ಅನ್ನೋದರ ಬಗ್ಗೆ ಗುರುಗಳ ಸಲಹೆ ಬೇಕು.