ಪೆನ್‌ಡ್ರೈವ್ ಮತ್ತು ಕಂಪ್ಯೂಟರಿನ ವೇಗ: ರೆಡಿಬೂಸ್ಟ್ ನಡೆದುಬಂದ ದಾರಿ

ಕಂಪ್ಯೂಟರಿಗೆ ಪೆನ್‌ಡ್ರೈವ್ ಸಿಕ್ಕಿಸಿದರೆ ರ‍್ಯಾಮ್ ಹೆಚ್ಚುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಇದರ ಮೂಲ, 2007ರ ಜನವರಿ 30ರಂದು ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದ ‘ರೆಡಿಬೂಸ್ಟ್’ ಸೌಲಭ್ಯ. ಅದು ನಿಜವಾಗಿ ಮಾಡಿದ್ದೇನು?

ರ‍್ಯಾಮ್ ವೇಗವುಳ್ಳದ್ದು, ಆದರೆ ದುಬಾರಿ. ಡಿಸ್ಕ್ ಅಗ್ಗ, ಆದರೆ ನಿಧಾನ. ಇವೆರಡನ್ನೂ ಹೊಂದಿಸುವ ಉಪಾಯ 1962ರಲ್ಲೇ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಅಟ್ಲಾಸ್ ಕಂಪ್ಯೂಟರಿನಲ್ಲಿತ್ತು. ಮುಖ್ಯ ಸ್ಮರಣೆ ತುಂಬಿದಾಗ ದತ್ತಾಂಶದ ಪುಟಗಳು ತಿರುಗುವ ಕಾಂತೀಯ ಡ್ರಮ್ಮಿಗೆ ಹೋಗಿ, ಬೇಕಾದಾಗ ಮರಳುತ್ತಿದ್ದವು. ಮುಂದೆ ಡ್ರಮ್ಮಿನ ಜಾಗಕ್ಕೆ ಹಾರ್ಡ್‌ಡಿಸ್ಕ್ ಬಂದಿತು. ಆದರೆ ತಿರುಗುವ ಯಂತ್ರದ ವಿಳಂಬ ಮಾತ್ರ ತಪ್ಪಲಿಲ್ಲ.

ಲೆಕ್ಕ ಹಾಕೋಣ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬೇಕಾದ ಜಾಗ ಎದುರಾಗಲು ಸರಾಸರಿ ಅರ್ಧ ಸುತ್ತು, ಅಂದರೆ 4.2 ಮಿಲಿಸೆಕೆಂಡು. ಓದುವ ತಲೆ ಸರಿಯಲು ಸುಮಾರು 8 ಸೇರಿಸಿದರೆ ಒಟ್ಟು 12 ಮಿಲಿಸೆಕೆಂಡು. ಹೀಗೆ ಚದುರಿದ ತುಣುಕುಗಳನ್ನು ಸೆಕೆಂಡಿಗೆ ಸುಮಾರು 80 ಮಾತ್ರ ಓದಬಹುದು.

ಫ್ಲ್ಯಾಶ್ ಸ್ಮರಣೆಯಲ್ಲಿ ತಿರುಗುವ ಭಾಗವೇ ಇಲ್ಲ. ತೋಶಿಬಾದ ಫುಜಿಯೊ ಮಸುವೊಕ 1984ರಲ್ಲಿ ಪ್ರಕಟಿಸಿದ ಈ ತಂತ್ರದಲ್ಲಿ, ನಿರೋಧಕ ಪದರಗಳ ನಡುವೆ ಸೆರೆಯಾದ ಎಲೆಕ್ಟ್ರಾನುಗಳೇ ದತ್ತಾಂಶ. ರೆಡಿಬೂಸ್ಟ್ ಬಯಸಿದ್ದು ಕನಿಷ್ಠ 256 ಎಂಬಿ ಜಾಗ. 4 ಕೆಬಿ ತುಣುಕುಗಳನ್ನು ಸೆಕೆಂಡಿಗೆ 2.5 ಎಂಬಿಯಂತೆ ಓದುವ ವೇಗ. ಅಂದರೆ ಸೆಕೆಂಡಿಗೆ ಸುಮಾರು 640 ತುಣುಕು, ಡಿಸ್ಕಿನ ಎಂಟು ಪಟ್ಟು! ಆದರೆ ಒಂದೇ ಕಡೆ ಸಾಲಾಗಿರುವ ದೊಡ್ಡ ಕಡತವನ್ನು ಓದುವುದರಲ್ಲಿ ಡಿಸ್ಕೇ ಮುಂದೆ.

ವೇಣೂರಿನ ಒಬ್ಬರು ಪುಸ್ತಕಗಳಿಗಾಗಿ ಬಸ್ಸಿನಲ್ಲಿ ಮೂಡಬಿದಿರೆಗೆ ಹೋಗುತ್ತಾರೆನ್ನಿ. ನೂರು ಪುಸ್ತಕ ಒಮ್ಮೆಗೇ ತರುವುದಾದರೆ ಪ್ರಯಾಣ ಸಾರ್ಥಕ. ಒಂದೊಂದು ಹಾಳೆಗೂ ಹೋಗಿಬರಬೇಕಾದರೆ ದಿನವೇ ಕಳೆದೀತು. ಅಂಥ ಬಿಡಿ ಹಾಳೆಗಳ ಪ್ರತಿಯನ್ನು ವೇಣೂರು ಪೇಟೆಯಲ್ಲೇ ಇಟ್ಟುಕೊಂಡಂತೆ ರೆಡಿಬೂಸ್ಟ್. ಓದುವ ಮೇಜು, ಅಂದರೆ ರ‍್ಯಾಮ್, ಇದರಿಂದ ದೊಡ್ಡದಾಗುವುದಿಲ್ಲ. ಮೂಲ ಪ್ರತಿ ಡಿಸ್ಕಿನಲ್ಲೇ ಇರುವುದರಿಂದ ಪೆನ್‌ಡ್ರೈವ್ ಕಿತ್ತರೂ ಕೆಲಸ ಕೆಡದು. ಪೆನ್‌ಡ್ರೈವ್‌ನಲ್ಲಿರುವ ಪ್ರತಿ ಗೂಢಲಿಪೀಕರಿಸಿದ್ದಾದ್ದರಿಂದ ಅದು ಕಳೆದುಹೋದರೂ ಇನ್ನೊಬ್ಬರು ಓದಲಾರರು.

ಆನಂದ್‌ಟೆಕ್ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, 512 ಎಂಬಿ ರ‍್ಯಾಮ್ ಇದ್ದ ಕಂಪ್ಯೂಟರ್ 11.7 ಸೆಕೆಂಡು ತೆಗೆದುಕೊಂಡ ಕೆಲಸ 1 ಜಿಬಿ ರೆಡಿಬೂಸ್ಟ್‌ನಿಂದ 2 ಸೆಕೆಂಡಿಗಿಳಿಯಿತು. ರೆಡಿಬೂಸ್ಟ್ ಇಲ್ಲದೆ ರ‍್ಯಾಮನ್ನೇ 1 ಜಿಬಿಗೆ ಏರಿಸಿದಾಗ 0.8 ಸೆಕೆಂಡು ಸಾಕಾಯಿತು. ರ‍್ಯಾಮ್ ಅಗ್ಗವಾಗುತ್ತ ಬಂದಂತೆ ಈ ಸೌಲಭ್ಯದ ಪ್ರಯೋಜನ ಕುಗ್ಗಿತು. ಫ್ಲ್ಯಾಶ್‌ನಿಂದಲೇ ಮಾಡಿದ ಎಸ್‌ಎಸ್‌ಡಿಗಳು ಹಾರ್ಡ್‌ಡಿಸ್ಕಿನ ಜಾಗಕ್ಕೆ ಬಂದಾಗ ಅದರ ಅಗತ್ಯವೇ ಉಳಿಯಲಿಲ್ಲ.

ಶಾಲೆಯ ಹಳೆಯ ಕಂಪ್ಯೂಟರ್ ನಿಧಾನವಾದರೆ ಹಣ ಖರ್ಚು ಮಾಡುವ ಮುನ್ನ ವಿಳಂಬ ಎಲ್ಲಿದೆಯೆಂದು ನೋಡಬೇಕು. ರ‍್ಯಾಮ್ ಸಾಲದಿದ್ದರೆ ರ‍್ಯಾಮ್, ಡಿಸ್ಕ್ ನಿಧಾನವಾದರೆ ಎಸ್‌ಎಸ್‌ಡಿ. ಪ್ರೊಸೆಸರೇ ನಿಧಾನವಾಗಿದ್ದರೆ ಪೆನ್‌ಡ್ರೈವ್‌ನಿಂದ ಏನೂ ಆಗದು. ನಿಮಿಷಕ್ಕೆ 5400 ಸುತ್ತಿನ ಲ್ಯಾಪ್‌ಟಾಪ್ ಡಿಸ್ಕಿಗೆ ಮೇಲಿನ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು.