ಗುಜರಿ ಉಳಿಸಿದ ಗಾಡಿಗಳು

ಭಾನುವಾರ ಬೆಳಗಿನ ಜಾವ ಐದೂವರೆಗೆ ಹಳೇ ಮದ್ರಾಸ್ ರಸ್ತೆಯಲ್ಲಿ ನಿಂತು ನೋಡಿ, ಬೆಂಗಳೂರಿನ ಹೊಸ ಜಾತ್ರೆಯೊಂದು ಕಾಣಿಸುತ್ತೆ. ಹಲಸೂರಿನಿಂದ, ಇಂದಿರಾನಗರದ ಅಡ್ಡರಸ್ತೆಗಳಿಂದ ಒಂದೊಂದೇ ಬೈಕು ಹೊರಬೀಳುತ್ತೆ. ಕೆ.ಆರ್. ಪುರದ ತೂಗುಸೇತುವೆ ದಾಟುವಷ್ಟರಲ್ಲಿ ಅವು ಗುಂಪಾಗಿರುತ್ತವೆ. ಹೊಸಕೋಟೆ ದಾಟಿ ಕೋಲಾರದ ಕಡೆ ಇಡ್ಲಿ ತಿಂದು, ಬಿಸಿಲೇರುವ ಮುಂಚೆ ವಾಪಸ್. ಒಂದರ ಹ್ಯಾಂಡಲ್ ಬದಲಾಗಿದೆ, ಇನ್ನೊಂದರ ಸೀಟು ಹೊಲಿಸಿದ್ದು, ಮತ್ತೊಂದರ ಟ್ಯಾಂಕಿಗೆ ಕಂಪನಿ ಎಂದೂ ಬಳಿಯದ ಬಣ್ಣ.

ಈ ಹುಚ್ಚು ಐಟಿ ಸಂಬಳದ ಜೊತೆ ಬಂತು ಅಂತ ನಮ್ಮಲ್ಲಿ ಹಲವರ ನಂಬಿಕೆ. ದುಡ್ಡು ಬಂತು, ಹವ್ಯಾಸ ಬಂತು, ಗಾಡಿ ಬದಲಾಯಿಸೋ ಚಟ ಬಂತು. ಮೊದಲ ಎರಡು ಮಾತು ಇರಬಹುದು. ಮೂರನೆಯದು ಮಾತ್ರ ಸುಳ್ಳು. ಬೆಂಗಳೂರಿನ ಪೂರ್ವ ಭಾಗದಲ್ಲಿ ಮೋಟರ್‌ಸೈಕಲ್ ಬದಲಾಯಿಸುವ ಕೆಲಸ ನಮಗಿಂತ ತುಂಬಾ ಹಳೆಯದು. ಅದು ಶುರುವಾಗಿದ್ದು ಶೋಕಿಗಲ್ಲ, ಗತಿಯಿಲ್ಲದೆ.

ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ಇಲ್ಲಿಗೆ ತಂದು ದಂಡು ಕಟ್ಟಿದ್ದು 1809ರಲ್ಲಿ. ಪೇಟೆಯ ಬೆಂಗಳೂರು ನೇಯ್ಗೆ, ವ್ಯಾಪಾರ ಅಂತಿದ್ದರೆ, ದಂಡಿನ ಬೆಂಗಳೂರು ಬದುಕಿದ್ದು ಸೈನ್ಯಕ್ಕೆ ಬೇಕಾದ್ದನ್ನು ಒದಗಿಸಿ. ಕುದುರೆ ಇದ್ದಾಗ ಲಾಳ ಕಟ್ಟುವವರು, ಜೀನು ಹೊಲಿಯುವವರು ಬೇಕಿತ್ತು. ಮೋಟರ್ ಬಂದಾಗ ಫಿಟ್ಟರ್‌ಗಳು ಬೇಕಾದರು. ಎರಡನೇ ಮಹಾಯುದ್ಧದಲ್ಲಂತೂ ಈ ಭಾಗದ ರೂಪವೇ ಬದಲಾಯಿತು. 1940ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಹುಟ್ಟಿತು. 1943ರ ಹೊತ್ತಿಗೆ ಅಲ್ಲಿ ಅಮೆರಿಕನ್ನರು ತಮ್ಮ ಯುದ್ಧವಿಮಾನಗಳನ್ನು ಬಿಚ್ಚಿ ಜೋಡಿಸುತ್ತಿದ್ದರು.

ಸಂದೇಶ ಒಯ್ಯೋಕೆ, ವಾಹನಗಳ ಸಾಲಿಗೆ ದಾರಿ ಬಿಡಿಸೋಕೆ ಬ್ರಿಟಿಷ್ ಸೈನ್ಯಕ್ಕೆ ಮೋಟರ್‌ಸೈಕಲ್ ಬೇಕೇ ಬೇಕಿತ್ತು. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ ತನ್ನ ಎಂ20 ಮಾದರಿಯೊಂದನ್ನೇ ಸುಮಾರು 1,26,000 ತಯಾರಿಸಿತ್ತು. ಯುದ್ಧ ಮುಗಿದ ಮೇಲೆ ಇಷ್ಟು ಗಾಡಿಗಳಿಗೆ ಕೆಲಸವೆಲ್ಲಿ? ಲಾರಿ, ಜೀಪುಗಳ ಜೊತೆ ಅವೂ ಹೆಚ್ಚುವರಿ ಸಾಮಾನಿನ ಮಾರಾಟಕ್ಕೆ ಬಂದವು. 'ಡಿಸ್ಪೋಸಲ್' ಅನ್ನೋ ಇಂಗ್ಲಿಷ್ ಪದ ನಮ್ಮ ಬೀದಿಭಾಷೆಗೆ ಸೇರಿದ್ದು ಇಂಥ ಮಾರಾಟಗಳಿಂದಲೇ.

ಅಗ್ಗಕ್ಕೆ ಗಾಡಿಯೇನೋ ಸಿಕ್ಕಿತು, ಬಿಡಿಭಾಗ ಸಿಗಲಿಲ್ಲ. ಕಾರ್ಖಾನೆ ಇಂಗ್ಲೆಂಡಿನಲ್ಲಿ, ಗಾಡಿ ಬ್ಲ್ಯಾಕ್‌ಪಲ್ಲಿಯಲ್ಲಿ. ಒಂದು ಗೇರ್ ಹಲ್ಲು ಮುರಿದರೆ ಮೂರೇ ದಾರಿ: ಅಂಥದ್ದೇ ಇನ್ನೊಂದು ಸತ್ತ ಗಾಡಿಯಿಂದ ಬಿಚ್ಚಿ ತರೋದು, ಲೇತಿನಲ್ಲಿ ಹೊಸದು ಮಾಡಿಸೋದು, ಇಲ್ಲವೇ ಬೇರೆ ಗಾಡಿಯದ್ದನ್ನು ಉಜ್ಜಿ ತಿದ್ದಿ ಕೂರಿಸೋದು. ಇವತ್ತು ನಾವು ಕಸ್ಟಮ್ ಅಂತ ಕರೆಯುವ ಕೆಲಸದ ಬೇರು ಇರೋದು ಈ ಮೂರರಲ್ಲಿ.

1947ರಲ್ಲಿ ದಂಡು ಪ್ರದೇಶ ಮೈಸೂರು ಸರ್ಕಾರದ ಕೈಗೆ ಮರಳಿತು. 1949ರಲ್ಲಿ ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ ಅಡಿ ಬಂದವು. ಬ್ಲ್ಯಾಕ್‌ಪಲ್ಲಿ ಈಗ ಶಿವಾಜಿನಗರ. ಅಲ್ಲಿನ ಗುಜರಿ ಬಗ್ಗೆ ಬೆಂಗಳೂರಿನಲ್ಲಿ ಒಂದು ಹಳೇ ಜೋಕಿದೆ: ನಿಮ್ಮ ಗಾಡಿ ರಾತ್ರಿ ಕಳುವಾದರೆ ಬೆಳಿಗ್ಗೆ ಶಿವಾಜಿನಗರಕ್ಕೆ ಹೋಗಿ, ಬಿಡಿಬಿಡಿಯಾಗಿ ನಿಮಗೇ ಮಾರ್ತಾರೆ. ಗಾಡಿ ಕಳೆದುಕೊಂಡವರಿಗೆ ಇದು ನಗೋ ವಿಷಯವಲ್ಲ ಬಿಡಿ. ಆದರೆ ಗುಜರಿಯ ಕಥೆ ಅಷ್ಟೇ ಅಲ್ಲ. ಒಂದು ಗಾಡಿಯ ಸಾವನ್ನು ಇನ್ನು ಹತ್ತು ಗಾಡಿಗಳ ಆಯುಷ್ಯ ಮಾಡುವ ವಿದ್ಯೆ ಅಲ್ಲಿದೆ. ತುಕ್ಕು ಹಿಡಿದ ರಾಶಿಯಲ್ಲಿ ಬೆರಳಿಟ್ಟು, "ಇದು ನಿಮ್ಮ ಗಾಡಿದಲ್ಲ ಅಣ್ಣ, ಆದ್ರೆ ಕೂರತ್ತೆ" ಅನ್ನೋಕೆ ವರ್ಷಗಟ್ಟಲೆ ಅನುಭವ ಬೇಕು.

ಸ್ವತಂತ್ರ ಭಾರತದಲ್ಲಿ ಈ ವಿದ್ಯೆಗೆ ಬೇಡಿಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. 1955ರಲ್ಲಿ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಮತ್ತು ಮದ್ರಾಸ್ ಮೋಟರ್ಸ್ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದವು. ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಬುಲೆಟ್ ತಯಾರಾಗತೊಡಗಿತು. ಮೊದಲ ದೊಡ್ಡ ಗಿರಾಕಿ ನಮ್ಮ ಸೈನ್ಯವೇ. ಪಶ್ಚಿಮಕ್ಕೆ, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಮೋಟರ್‌ಸೈಕಲ್ ಮಾಡಲು ಶುರುಮಾಡಿತು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಅಂತ ಹೆಸರಾಯಿತು. ಮದ್ರಾಸಿಗೂ ಮೈಸೂರಿಗೂ ನಡುವೆ ಬೆಂಗಳೂರು. ಎರಡೂ ಜಾತಿಯ ಗಾಡಿ ಇಲ್ಲಿ ಬೆರೆತವು.

ಸ್ವಭಾವದಲ್ಲಿ ಎರಡೂ ಬೇರೆ ಬೇರೆ. ಬುಲೆಟ್ಟಿಗೆ ಬಲಗಾಲಲ್ಲಿ ಗೇರು, ಎಡಗಾಲಲ್ಲಿ ಬ್ರೇಕು. ಸ್ಟಾರ್ಟ್ ಮಾಡೋಕೆ ಮುಂಚೆ ಡಿಕಂಪ್ರೆಸರ್ ಹಿಡಿದು ಆಂಪಿಯರ್ ಮುಳ್ಳು ನೋಡಬೇಕು, ತಪ್ಪಿದರೆ ಕಿಕ್ಕರ್ ಮೊಣಕಾಲಿಗೆ ವಾಪಸ್ ಹೊಡೆಯುತ್ತೆ. ಜಾವಾದಲ್ಲಿ ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ. ಒಳಗೆ ತಳ್ಳಿ ತಿರುಗಿಸಿದರೆ ಕಿಕ್ಕರ್, ಬಿಟ್ಟರೆ ಗೇರ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಎರಡನ್ನೂ ಬಲ್ಲ ಮೆಕ್ಯಾನಿಕ್ಕಿಗೆ ಏರಿಯಾದಲ್ಲಿ ಡಾಕ್ಟರ್ ಮರ್ಯಾದೆ.

ಲೈಸೆನ್ಸ್ ರಾಜ್ ದಿನಗಳವು. ಕೊಳ್ಳೋಣ ಅಂದರೆ ಎನ್‌ಫೀಲ್ಡ್, ಜಾವಾ, ರಾಜದೂತ್ ಇಂಥ ಬೆರಳೆಣಿಕೆಯ ಆಯ್ಕೆ. ಒಮ್ಮೆ ಕೊಂಡ ಗಾಡಿ ಇಪ್ಪತ್ತು ವರ್ಷ ಓಡಬೇಕು, ಆಮೇಲೆ ಮಗನಿಗೆ ಹೋಗಬೇಕು. ಗಾಡಿ ಅಷ್ಟು ಕಾಲ ಬಾಳಿದ್ದು ಹೇಗೆ ಅನ್ನೋಕೆ ಒಂದೇ ಒಂದು ಕೆಲಸ ನೋಡೋಣ.

ಎಂಜಿನ್ ಓಡಿದಷ್ಟೂ ಪಿಸ್ಟನ್ನು ಸಿಲಿಂಡರಿನ ಗೋಡೆಯನ್ನು ಸವೆಸುತ್ತೆ. ಸವೆದ ಸಿಲಿಂಡರನ್ನು ಲೇತಿನವರು ಕಾಲು ಮಿಲಿಮೀಟರ್ ಅಗಲಿಸಿ, ಅದಕ್ಕೆ ಸರಿಯಾದ ದಪ್ಪ ಪಿಸ್ಟನ್ ಕೂರಿಸುತ್ತಾರೆ. ಮತ್ತೆ ಸವೆದರೆ ಇನ್ನೊಂದು ಕಾಲು. ಇದೇ ನಮ್ಮ ಮೆಕ್ಯಾನಿಕ್ಕುಗಳು ಹೇಳುವ 'ಬೋರ್ ಮಾಡ್ಸೋದು'. ಈಗ ಲೆಕ್ಕ ಹಾಕಿ. ಜಾವಾ 250ರ ಸಿಲಿಂಡರ್ ಅಗಲ 65 ಮಿ.ಮೀ., ಪಿಸ್ಟನ್ ಓಡುವ ದೂರ 75 ಮಿ.ಮೀ. ಅಂದರೆ ಸುಮಾರು 249 ಸಿಸಿ. ನಾಲ್ಕು ಸಲ ಬೋರ್ ಆಗಿ ಅಗಲ 66 ಮಿ.ಮೀ. ಆದರೆ 256 ಸಿಸಿ ದಾಟುತ್ತೆ. ಆರ್‌ಸಿ ಪುಸ್ತಕದಲ್ಲಿರೋ ಎಂಜಿನ್ನೇ ಬೇರೆ, ಕಾಲ ಕೆಳಗೆ ಓಡ್ತಿರೋ ಎಂಜಿನ್ನೇ ಬೇರೆ! ಇದು ರಿಪೇರಿಯೋ, ಮಾರ್ಪಾಡೋ? ಆ ಕಾಲದಲ್ಲಿ ಯಾರೂ ಕೇಳಲಿಲ್ಲ. ಗಾಡಿ ಓಡಬೇಕಿತ್ತು, ಓಡಿತು.

ಸೈನ್ಯದ ಋಣವೂ ಮುಂದುವರಿಯಿತು. ಸೇವೆ ಮುಗಿಸಿದ ಬುಲೆಟ್‌ಗಳನ್ನು ಸೈನ್ಯ ಹರಾಜು ಹಾಕುತ್ತೆ. ಹಸಿರು ಬಣ್ಣ ಕೆರೆದು, ಎಂಜಿನ್ ಬಿಚ್ಚಿ ಕಟ್ಟಿ, ಹೊಸದಾಗಿ ನೋಂದಣಿ ಮಾಡಿಸಿದ 'ಮಿಲಿಟರಿ ಡಿಸ್ಪೋಸಲ್' ಗಾಡಿಗೆ ಇವತ್ತಿಗೂ ಅಭಿಮಾನಿಗಳಿದ್ದಾರೆ. ಅಂದ ಹಾಗೆ, ಬೆಂಗಳೂರಿನಲ್ಲೇ ನೆಲೆಯಿರುವ ಆರ್ಮಿ ಸರ್ವೀಸ್ ಕೋರಿನ 'ಟೊರ್ನಾಡೋಸ್' ತಂಡ 2017ರ ನವೆಂಬರಿನಲ್ಲಿ ಯಲಹಂಕದ ವಾಯುನೆಲೆಯಲ್ಲಿ ಒಂದೇ 500 ಸಿಸಿ ಬುಲೆಟ್ ಮೇಲೆ 58 ಜನರನ್ನು ಹೊತ್ತು 1,200 ಮೀಟರ್ ಓಡಿಸಿ ವಿಶ್ವದಾಖಲೆ ಮಾಡಿತು. ಅಷ್ಟು ಜನ ನಿಲ್ಲೋಕೆ ಗಾಡಿಯ ಸುತ್ತ ಕಬ್ಬಿಣದ ಹಲಗೆಗಳನ್ನು ಕಟ್ಟಲೇಬೇಕಲ್ಲ. ಕಸ್ಟಮ್ ಅಂದರೆ ಅದು!

ಗಾಡಿ ಬದಲಾಯಿಸೋದು ಅಗತ್ಯದಿಂದ ಖುಷಿಗೆ ತಿರುಗಿದ್ದು 1980ರ ದಶಕದಲ್ಲಿ. ಜಪಾನಿನವರು ಬಂದರು. 1984ರಲ್ಲಿ ನಮ್ಮ ಪಕ್ಕದ ಹೊಸೂರಿನಿಂದ ಇಂಡ್-ಸುಜುಕಿ, ಮರುವರ್ಷ ಹೀರೋ ಹೋಂಡಾ ಮತ್ತು ಯಮಹಾ ಆರ್‌ಎಕ್ಸ್ 100. ಆರ್‌ಎಕ್ಸ್ ನೋಡೋಕೆ ಬಡಕಲು, 98 ಸಿಸಿ, ಸುಮಾರು 11 ಅಶ್ವಶಕ್ತಿ. ಆದರೆ ತೂಕವೂ ನೂರು ಕೆಜಿ ಆಸುಪಾಸು, ಹಾಗಾಗಿ ಸಿಗ್ನಲ್ಲಿನಲ್ಲಿ ಬುಲೆಟ್ಟನ್ನು ಹಿಂದೆ ಹಾಕಿ ಹೋಗುತ್ತಿತ್ತು. ಕಾಲೇಜು ಹುಡುಗರು ಪೋರ್ಟ್ ಉಜ್ಜಿಸಿದರು, ಸೈಲೆನ್ಸರ್ ಬದಲಿಸಿದರು. ಓಡದ ಗಾಡಿಯನ್ನು ಓಡಿಸೋಕೆ ಬಳಸುತ್ತಿದ್ದ ಅದೇ ಲೇತು, ಅದೇ ಗ್ಯಾಸ್ ವೆಲ್ಡಿಂಗು ಈಗ ಓಡೋ ಗಾಡಿಯನ್ನು ಇನ್ನೂ ಜೋರಾಗಿ ಓಡಿಸೋಕೆ ಬಂತು.

1996ರಲ್ಲಿ ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿತು. ಅದೇ ವರ್ಷ ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತು. ಹೊಗೆ ನಿಯಮಗಳು ಬಿಗಿಯಾಗುತ್ತಾ ಬಂದು ಟು-ಸ್ಟ್ರೋಕ್ ಬೈಕುಗಳ ಕಾಲವೇ ಮುಗಿಯಿತು. ಕಂಪನಿ ಇಲ್ಲ, ಬಿಡಿಭಾಗ ಇಲ್ಲ: ಯುದ್ಧ ಮುಗಿದಾಗಿನ ಬಿಎಸ್‌ಎ ಪರಿಸ್ಥಿತಿಯೇ ಮತ್ತೆ. ಜನ ಮತ್ತೆ ಗುಜರಿಗೆ ಬಂದರು. ಈ ಸಲ ಬಂದವರು ಇಂದಿರಾನಗರ, ಕೆ.ಆರ್. ಪುರದ ಫ್ಲ್ಯಾಟುಗಳಲ್ಲಿ ಇರುವ, ಅಪ್ಪನ ಯೆಜ್ಡಿಯನ್ನು ಊರಿಂದ ಲಾರಿಯಲ್ಲಿ ತರಿಸಿಕೊಂಡ ಎಂಜಿನಿಯರ್‌ಗಳು. ಹಳೇ ಜಾವಾ, ಯೆಜ್ಡಿ ಇಟ್ಟುಕೊಂಡವರು ಪ್ರತಿ ಜುಲೈ ಎರಡನೇ ಭಾನುವಾರ ಜಾವಾ ದಿನ ಆಚರಿಸುತ್ತಾರೆ. ಮಾರುಕಟ್ಟೆಯೂ ಈ ನೆನಪನ್ನು ಮಾರೋಕೆ ಕಲಿತಿದೆ. 2009ರಲ್ಲಿ ರಾಯಲ್ ಎನ್‌ಫೀಲ್ಡ್ ಹಳೇ ರೂಪದ 'ಕ್ಲಾಸಿಕ್' ತಂದಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಬೇರೆ ಕಂಪನಿಯ ಕೈಯಲ್ಲಿ ಮರಳಿದವು.

ಗಾಡಿ ಹೆಸರು ಮರಳಿತು, ಸರಿ. ಗಾಡಿ ಬದಲಾಯಿಸೋ ಸ್ವಾತಂತ್ರ್ಯ?

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಮೋಟರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ವಾಹನವನ್ನು ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಮಾರ್ಪಡಿಸುವಂತಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿ, ಕಾನೂನುಬಾಹಿರವಾಗಿ ಗಾಡಿ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬರೆಯಿತು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ 'ವಿಂಟೇಜ್' ನೋಂದಣಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಷರತ್ತು: ಗಾಡಿ ಮೂಲ ರೂಪದಲ್ಲಿರಬೇಕು, ದೊಡ್ಡ ಬದಲಾವಣೆ ಆಗಿರಬಾರದು.

ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಮುಂದೆ ಪಟಾಕಿ ಸಿಡಿಸಿದ ಹಾಗೆ ಹೋಗೋ ಸೈಲೆನ್ಸರಿಗೆ ದಂಡ ಹಾಕಲಿ, ಕಿತ್ತುಕೊಳ್ಳಲಿ. ಅದನ್ನು ಹವ್ಯಾಸ ಅಂತ ಯಾರೂ ಸಮರ್ಥಿಸಬೇಕಿಲ್ಲ. ಬ್ರೇಕು, ಚಾಸಿಸ್ ಕತ್ತರಿಸಿ ಆಟ ಆಡೋದೂ ಹಾಗೇ, ಅದು ಬೇರೆಯವರ ಜೀವದ ಪ್ರಶ್ನೆ. ಆದರೆ 'ಮೂಲ ರೂಪ' ಅನ್ನೋ ಮಾತು ನಮ್ಮ ಊರಿನ ಗಾಡಿಗಳ ಚರಿತ್ರೆಗೆ ಒಗ್ಗೋದಿಲ್ಲ. ಅರವತ್ತು ವರ್ಷ ನಿಲ್ಲದೆ ಓಡಿದ ಜಾವಾ ಎಲ್ಲಾದರೂ ಕಂಪನಿಯಿಂದ ಬಂದ ಹಾಗೇ ಇರೋಕೆ ಸಾಧ್ಯವಾ? ಗೋಡೌನಿನಲ್ಲಿ ಬೀಗ ಹಾಕಿಟ್ಟ ಗಾಡಿ ಮಾತ್ರ ಹಾಗಿರುತ್ತೆ. ದುಡಿದ ಗಾಡಿಯಲ್ಲಿ ಯಾವುದೋ ಲೇತಿನ ಬುಷ್ ಇರುತ್ತೆ, ಇನ್ಯಾವುದೋ ಗಾಡಿಯ ಕಾರ್ಬೊರೇಟರ್ ಇರುತ್ತೆ. ಬದಲಾಗಿದ್ದಕ್ಕೇ ಅದು ಉಳಿದಿದೆ.

ಇದಕ್ಕೊಂದು ಮಧ್ಯದ ದಾರಿ ಬೇರೆ ಕಡೆ ಇದೆ. ಜರ್ಮನಿಯಲ್ಲಿ ಗಾಡಿ ಬದಲಾಯಿಸಿದವರು ಟಿಯುವಿಯಂಥ ತಪಾಸಣಾ ಸಂಸ್ಥೆಗೆ ಒಯ್ಯುತ್ತಾರೆ. ಸುರಕ್ಷಿತ ಅಂತ ಎಂಜಿನಿಯರ್ ಒಪ್ಪಿದರೆ ಆ ಬದಲಾವಣೆ ಗಾಡಿಯ ದಾಖಲೆಯಲ್ಲೇ ಸೇರುತ್ತೆ. ಗ್ಯಾಸ್ ಕಿಟ್ ಹಾಕಿಸೋಕೆ, ಅಂಗವಿಕಲರ ಅನುಕೂಲಕ್ಕೆ ಗಾಡಿ ಬದಲಾಯಿಸೋಕೆ ನಮ್ಮ ಕಾನೂನಿನಲ್ಲೂ ದಾರಿ ಇದೆ. ಹಳೇ ಗಾಡಿ ಉಳಿಸಿಕೊಳ್ಳೋಕೂ ಒಂದು ದಾರಿ ತೆರೆದರೆ, ಕದ್ದುಮುಚ್ಚಿ ಆಗುವ ಕೆಲಸ ಬೆಳಕಿಗೆ ಬರುತ್ತೆ, ಅಪಾಯದ ಕೆಲಸ ಬೇರೆಯಾಗುತ್ತೆ.

ಅಲ್ಲಿಯವರೆಗೆ, ನೀವು ಹಳೇ ಗಾಡಿ ಕೊಳ್ಳೋಕೆ ಹೊರಟಿದ್ದರೆ, ಬಣ್ಣಕ್ಕೆ ಮರುಳಾಗೋ ಮುಂಚೆ ಎಂಜಿನ್ ನಂಬರು, ಚಾಸಿಸ್ ನಂಬರು ಆರ್‌ಸಿಗೆ ಹೊಂದುತ್ತವಾ ನೋಡಿ. ಉಜ್ಜಿದ, ಮತ್ತೆ ಕೆತ್ತಿದ ನಂಬರು ಕಂಡರೆ ಕೈಮುಗಿದು ಬನ್ನಿ. ಕಳುವಿನ ಜೋಕು ನಿಜವಾಗೋದು ಅಲ್ಲೇ. ಫಾರಂ 29, 30 ಅವತ್ತೇ ಸಹಿ ಮಾಡಿಸಿ. ಬಿಚ್ಚಿದ ಮೂಲ ಭಾಗವನ್ನು ಎಸೆಯಬೇಡಿ, ಡಬ್ಬಿಯಲ್ಲಿ ಹಾಕಿಡಿ.

ಇನ್ನೊಂದು ಕೆಲಸವಿದೆ. ಬಿಎಸ್6 ಗಾಡಿಗಳು 2020ರಿಂದ ಬಂದಿವೆ, ಇವುಗಳ ರೋಗ ಹೇಳೋದು ಲ್ಯಾಪ್‌ಟಾಪು. ಲೇತಿನವರ ಮಕ್ಕಳು ಲೇತು ಹಿಡಿಯುತ್ತಿಲ್ಲ, ಹಿಡಿಯಿರಿ ಅಂತ ಹೇಳೋ ಹಕ್ಕು ನಮಗೂ ಇಲ್ಲ. ಯಾವ ಪಿಸ್ಟನ್ ಯಾವುದಕ್ಕೆ ಕೂರತ್ತೆ ಅನ್ನೋ ಜ್ಞಾನವನ್ನು ಯಾರೂ ಬರೆದಿಟ್ಟಿಲ್ಲ. ಮುಂದಿನ ಸಲ ಗಾಡಿ ಬಿಚ್ಚಿದಾಗ ಮೆಕ್ಯಾನಿಕ್ ಪಕ್ಕ ಕೂತು, ಯಾವ ಭಾಗ ಎಲ್ಲಿಂದ ಬಂತು, ಎಷ್ಟು ಉಜ್ಜಿದರು, ಯಾಕೆ ಅಂತ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕೆಲಸ ಮಾಡಿದವರ ಹೆಸರನ್ನೂ ಬರೆಯಿರಿ. ಗಾಡಿ ಮಾರುವಾಗ ಆರ್‌ಸಿ ಜೊತೆ ಆ ಪುಸ್ತಕವನ್ನೂ ಕೊಡಿ.